ಮಾರ್ಗದರ್ಶಕರ ಜೊತೆ ಎಲೆಕ್ಟ್ರಿಕ್ ಸೈಕಲ್ ಮೇಲೆ ಬೆಂಗಳೂರು ನೋಡುವುದು ಸಾರ್ಥಕವೇ?

ಡಿಸೆಂಬರ್‌ನಲ್ಲಿ ತಂದೆ ತಾಯಿಯವರೊಂದಿಗೆ ಶಿವಮೊಗ್ಗದಿಂದ ಬೆಂಗಳೂರಿಗೆ ಬರುತ್ತಿರುವುದಾಗಿಯೂ, ಅದರಲ್ಲಿ ಒಂದು ಬೆಳಗನ್ನು ಎಲೆಕ್ಟ್ರಿಕ್ ಸೈಕಲ್ ಪ್ರವಾಸಕ್ಕೆ ಮೀಸಲಿಡುವ ಯೋಚನೆ ಇರುವುದಾಗಿಯೂ ಬರೆದಿದ್ದೀರಿ. ಕೊಡುವ ಹಣ ಸಾರ್ಥಕವೇ, ಇಲ್ಲಿನ ಸಂಚಾರದ ನಡುವೆ ಇದು ಸುರಕ್ಷಿತವೇ, ಅರವತ್ತು ದಾಟಿದ ತಂದೆಯವರಿಗೆ ಸಾಧ್ಯವೇ, ಮಂಡಿನೋವಿರುವ ತಾಯಿಯವರು ಏನು ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಬಸವನಗುಡಿಯ ನಿವಾಸಿ. ಊರಿನಿಂದ ಬರುವ ನೆಂಟರಿಷ್ಟರಿಗೆ ನಗರ ತೋರಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದಿರುವುದರಿಂದ ಇಂಥ ಪ್ರವಾಸಗಳ ಪರಿಚಯ ನನಗಿದೆ. ಭಾನುವಾರ ನಸುಕಿನಲ್ಲಿ ಹೊರಡುವ, ಪೇಟೆಯನ್ನೂ ದಂಡು ಪ್ರದೇಶವನ್ನೂ ಒಂದೇ ದಾರಿಯಲ್ಲಿ ತೋರಿಸುವ, ಕನ್ನಡದಲ್ಲಿ ವಿವರಿಸಬಲ್ಲ ಮಾರ್ಗದರ್ಶಕರಿರುವ ಪ್ರವಾಸ ಸಿಕ್ಕರೆ ಧಾರಾಳವಾಗಿ ಹೋಗಿ. ಈ ಮೂರರಲ್ಲಿ ಎರಡು ತಪ್ಪಿದರೆ ಆ ಹಣದಲ್ಲಿ ಒಳ್ಳೆಯ ತಿಂಡಿ ತಿಂದು, ಲಾಲ್‌ಬಾಗಿನಲ್ಲಿ ನಿಧಾನವಾಗಿ ಅಡ್ಡಾಡುವುದೇ ಮೇಲು.

ಪೇಟೆ ಮತ್ತು ದಂಡು ಎರಡೂ ಇರಲೇಬೇಕೆಂದು ನಾನು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಬೆಂಗಳೂರು ಬಹುಕಾಲ ಎರಡು ಊರುಗಳಾಗಿಯೇ ಬೆಳೆಯಿತು. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ, ಒಂದೊಂದು ಕಸುಬಿಗೆ ಒಂದೊಂದು ಬೀದಿಯಂತೆ ನೆಲೆಗೊಳಿಸಿದ ಪೇಟೆ ಒಂದು ಊರು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ತಂದು ಪೂರ್ವಕ್ಕೆ ನೆಲೆಗೊಳಿಸಿದ ದಂಡು ಇನ್ನೊಂದು ಊರು. ಎರಡಕ್ಕೂ ಬೇರೆ ಬೇರೆ ಪೌರಾಡಳಿತವಿತ್ತು, ಅವು ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ ಇವೆರಡರ ನಡುವೆ ಇದೆ. ಕಾಲ್ನಡಿಗೆಯ ಪ್ರವಾಸದಲ್ಲಿ ಒಂದು ಬೆಳಗ್ಗೆ ಈ ಎರಡರಲ್ಲಿ ಒಂದನ್ನು ಮಾತ್ರ ನೋಡಲು ಸಾಧ್ಯ. ಕಾರಿನಲ್ಲಿ ಹೋದರೆ ವಾಹನ ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಬೆಳಗು ಕಳೆಯುತ್ತದೆ, ಪೇಟೆಯ ಓಣಿಗಳಂತೂ ಕಣ್ಣಿಗೆ ಬೀಳುವುದೇ ಇಲ್ಲ. ಹನ್ನೆರಡರಿಂದ ಹದಿನೈದು ಕಿಲೋಮೀಟರ್‌ಗಳ ಈ ದಾರಿಯನ್ನು ದಣಿವಿಲ್ಲದೆ, ಬೇಕಾದಲ್ಲೆಲ್ಲ ನಿಂತು ಸಾಗಲು ಸೈಕಲ್ಲಿನಷ್ಟು ಹೊಂದುವ ವಾಹನ ಬೇರೊಂದಿಲ್ಲ.

ಹಾಗಾದರೆ ಮೋಟಾರು ಏಕೆ ಬೇಕು ಎಂದು ನಿಮ್ಮ ತಂದೆಯವರು ಕೇಳಬಹುದು. ಬೆಂಗಳೂರು ಸಮತಟ್ಟಾದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಗಳ ಮೇಲೆ, ಅವುಗಳ ನಡುವಿನ ಕಣಿವೆಗಳಲ್ಲಿ ಹರಡಿಕೊಂಡಿರುವ ಊರು. ಆ ಕಣಿವೆಗಳಲ್ಲಿ ಹಿಂದೆ ಕೆರೆಗಳಿದ್ದವು, ಈಗ ಬಸ್ ನಿಲ್ದಾಣಗಳೂ ಕ್ರೀಡಾಂಗಣಗಳೂ ಇವೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ತಗ್ಗಿನಿಂದ ಬಸವನಗುಡಿಯ ಕಡೆಗೆ ಹೊರಟಾಗ ದಾರಿ ಏರುತ್ತಲೇ ಹೋಗುತ್ತದೆ. ಸಾಮಾನ್ಯ ಸೈಕಲ್ಲಿನಲ್ಲಿ ಅಲ್ಲಿಗೆ ಬರುವ ಹೊತ್ತಿಗೆ ಹಿರಿಯರು ಏದುಸಿರು ಬಿಡುತ್ತಾರೆ, ಮಾರ್ಗದರ್ಶಕರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಪೆಡಲ್ ತುಳಿಯುವುದು ನಾವೇ ಆದರೂ ಏರಿನಲ್ಲಿ ಅದರ ಭಾರವನ್ನು ಮೋಟಾರು ಹೊರುತ್ತದೆ. ಮೆಟ್ರೊ ನಿಲ್ದಾಣಗಳ ಬಳಿ ಬಾಡಿಗೆಗೆ ಸಿಗುವ, ಪೆಡಲ್ ಇಲ್ಲದ ಪುಟ್ಟ ಎಲೆಕ್ಟ್ರಿಕ್ ಗಾಡಿಗಳೊಂದಿಗೆ ಇದನ್ನು ಬೆರೆಸಬೇಡಿ. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವಾಟ್‌ಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತಲೂ ಕಡಿಮೆ ಇರುವ ಇಂಥ ಸೈಕಲ್ಲುಗಳಿಗೆ ಚಾಲನಾ ಪರವಾನಗಿಯಾಗಲಿ ನೋಂದಣಿಯಾಗಲಿ ಬೇಕಿಲ್ಲ, ಆದ್ದರಿಂದ ಆ ಚಿಂತೆಯನ್ನು ಬಿಡಬಹುದು.

ಆದರೆ ಮೊದಲ ಹತ್ತು ನಿಮಿಷ ಎಚ್ಚರ ಬೇಕು. ಅಗ್ಗದ ಸೈಕಲ್ಲುಗಳಲ್ಲಿ ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ಗುರುತಿಸುವ ಸೆನ್ಸರ್ ಇರುತ್ತದೆ. ತುಳಿಯಲು ಶುರುಮಾಡಿದ ಒಂದು ಕ್ಷಣದ ನಂತರ ಮೋಟಾರು ತಟ್ಟನೆ ನೂಕುತ್ತದೆ, ತುಳಿಯುವುದನ್ನು ನಿಲ್ಲಿಸಿದ ಮೇಲೂ ಅರೆಕ್ಷಣ ನೂಕುತ್ತಲೇ ಇರುತ್ತದೆ. ಕಾಲಿನ ಒತ್ತಡವನ್ನು ಅಳೆಯುವ ಸೆನ್ಸರ್ ಇರುವ ಸೈಕಲ್ಲು ನಾವು ಎಷ್ಟು ತುಳಿಯುತ್ತೇವೋ ಅದಕ್ಕೆ ತಕ್ಕಷ್ಟೇ ನೆರವಾಗುವುದರಿಂದ ಹಿರಿಯರಿಗೆ ಅದೇ ಸರಿ. ಎರಡರಲ್ಲಿ ಯಾವುದನ್ನು ಕೊಡುತ್ತಾರೆಂದು ಮುಂಗಡ ಕೊಡುವ ಮೊದಲೇ ಕೇಳಿ. ಬ್ರೇಕ್ ಹಿಡಿದ ಕೂಡಲೇ ಮೋಟಾರು ಕಡಿತವಾಗುತ್ತದೆಯೇ ಎಂಬುದನ್ನು ಹೊರಡುವ ಮುನ್ನ ಅಲ್ಲೇ ಪರೀಕ್ಷಿಸಿ, ನೆರವಿನ ಮಟ್ಟವನ್ನು ಒಂದರಲ್ಲಿಟ್ಟು ಆರಂಭಿಸಿ. ಬ್ಯಾಟರಿಯ ಕಾರಣದಿಂದ ಈ ಸೈಕಲ್ಲುಗಳು ಸಾಮಾನ್ಯವಾಗಿ ಇಪ್ಪತ್ತು ಕಿಲೋಗಿಂತ ಹೆಚ್ಚು ತೂಗುತ್ತವೆ. ನಿಂತಾಗ ವಾಲಿದರೆ ತಡೆಯಲು ಎರಡು ಪಾದಗಳೂ ನೆಲಕ್ಕೆ ತಾಗುವಷ್ಟು ತಗ್ಗಿಗೆ ಸೀಟನ್ನು ಇಳಿಸಿಕೊಳ್ಳಬೇಕು. ತಂದೆಯವರು ಪಂಚೆ ಉಡುವವರಾದರೆ ಅಂದೊಂದು ದಿನ ಪ್ಯಾಂಟು ಹಾಕಿಕೊಳ್ಳಲು ಒಪ್ಪಿಸಿ. ಇದು ನಿಮ್ಮ ಪ್ರವಾಸದ ಅತಿ ಕಷ್ಟದ ಭಾಗವೂ ಆಗಬಹುದು.

ಇನ್ನು ದಾರಿಯ ವಿಚಾರ. ಆಯ್ಕೆ ನನ್ನದಾದರೆ ಮಹಾತ್ಮ ಗಾಂಧಿ ರಸ್ತೆಯ ಕಡೆಯಿಂದ ಹೊರಟು ಮೊದಲು ಕಬ್ಬನ್ ಉದ್ಯಾನವನ್ನು ಹೊಗುತ್ತೇನೆ. ಭಾನುವಾರ ಅಲ್ಲಿನ ಒಳರಸ್ತೆಗಳಲ್ಲಿ ಕಾರು, ಬೈಕುಗಳ ಓಡಾಟವಿರುವುದಿಲ್ಲವಾದ್ದರಿಂದ, ವರ್ಷಗಟ್ಟಲೆ ಸೈಕಲ್ ಮುಟ್ಟದ ತಂದೆಯವರಿಗೆ ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಉದ್ಯಾನದ ಅಂಚಿನಲ್ಲಿ 1868ರ ಕೆಂಪು ಬಣ್ಣದ ಅಠಾರ ಕಚೇರಿ, ಅಂದರೆ ಇಂದಿನ ಉಚ್ಚ ನ್ಯಾಯಾಲಯ. ಅದರ ಎದುರಿಗೇ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಮುಗಿಸಿದ ವಿಧಾನಸೌಧ. ಇವೆರಡೂ ಎಷ್ಟೋ ಬಾರಿ ಚಿತ್ರಗಳಲ್ಲಿ ಕಂಡವೇ ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ಬೇಕಿಲ್ಲ.

ಅಲ್ಲಿಂದ ಕಂಠೀರವ ಕ್ರೀಡಾಂಗಣದ ಬಳಿ ನಿಲ್ಲಿಸುವ ಮಾರ್ಗದರ್ಶಕರು ಸಿಕ್ಕರೆ ನಿಮ್ಮ ಅದೃಷ್ಟ, ಏಕೆಂದರೆ ಹೆಚ್ಚಿನವರು ಅದನ್ನು ದಾಟಿಯೇ ಹೋಗುತ್ತಾರೆ. ಸಂಪಂಗಿ ಕೆರೆ ಇದ್ದದ್ದು ಅಲ್ಲಿಯೇ. ಇಂದು ಉಳಿದಿರುವುದು ಒಂದು ಸಣ್ಣ ಕೊಳ ಮಾತ್ರ, ಆದರೂ ಬೆಂಗಳೂರು ಕರಗದ ವಿಧಿಗಳಿಗೆ ಈಗಲೂ ಅಲ್ಲಿಗೇ ಬರುತ್ತಾರೆ. ಕೆರೆ ಹೋದರೂ ಆಚರಣೆ ತನ್ನ ಜಾಗವನ್ನು ಬಿಟ್ಟುಕೊಟ್ಟಿಲ್ಲ ಎಂಬುದನ್ನು ಅಲ್ಲಿ ನಿಂತು ಕೇಳಿ, ಅದೇ ಎಳೆ ಹಿಡಿದು ತಿಗಳರಪೇಟೆಯ ಧರ್ಮರಾಯನ ಗುಡಿಗೆ ಹೋದರೆ ಪೇಟೆಗೆ ಸರಿಯಾದ ಬಾಗಿಲಿನಿಂದ ಒಳಹೊಕ್ಕಂತೆ. ಚೈತ್ರ ಪೂರ್ಣಿಮೆಯ ರಾತ್ರಿ ಈ ಗುಡಿಯಿಂದ ಹೊರಡುವ ಕರಗ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿ ಕೊಟ್ಟು ಮರಳುತ್ತದೆ. ಆ ಮೆರವಣಿಗೆ ಸಾಗುವ ಓಣಿಗಳಲ್ಲಿ ಭಾನುವಾರ ಬೆಳಗ್ಗೆ ಬಹುಪಾಲು ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ವಾರದ ದಿನಗಳಲ್ಲಿ ಜನಸಂದಣಿಯ ನಡುವೆ ಕಾಣದ ಹಳೆಯ ಮರದ ಕಂಬಗಳು, ಜಗುಲಿಗಳು, ಮಹಡಿಯ ಕಟಕಟೆಗಳು ಆಗ ಕಾಣಿಸುತ್ತವೆ. ಇಲ್ಲಿ ಸೈಕಲ್ಲಿನಿಂದ ಇಳಿದು ನಡೆಯಬೇಕು. ಸೈಕಲ್ಲುಗಳನ್ನು ಕಾಯಲು ಒಬ್ಬರನ್ನು ಬಿಟ್ಟು, ಉಳಿದವರನ್ನು ನಡೆಸಿಕೊಂಡು ಹೋಗುವ ಏರ್ಪಾಡು ಇರುವ ಪ್ರವಾಸವನ್ನೇ ಆರಿಸಿಕೊಳ್ಳಿ.

ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ವ್ಯಾಪಾರ ಬೆಳಕು ಹರಿಯುವ ಮೊದಲೇ ಬಿರುಸಾಗಿರುತ್ತದೆ. ನೀವು ತಲುಪುವ ಹೊತ್ತಿಗೆ ಅದು ಇಳಿಮುಖವಾಗಿದ್ದರೂ, ಮೇಲಿನ ಅಂತಸ್ತಿನಿಂದ ಸೇವಂತಿಗೆ, ಕನಕಾಂಬರ, ಸುಗಂಧರಾಜದ ರಾಶಿಗಳನ್ನು ನೋಡುವಷ್ಟು ಉಳಿದಿರುತ್ತದೆ. ಅಲ್ಲಿಂದ ಕೂಗಳತೆಯಲ್ಲಿ ಕೋಟೆಯ ದೆಹಲಿ ಬಾಗಿಲು. ಹೈದರಾಲಿ 1761ರಲ್ಲಿ ಕಲ್ಲಿನಿಂದ ಭದ್ರಪಡಿಸಿದ ಕೋಟೆಯಲ್ಲಿ ಇಂದಿಗೆ ಉಳಿದಿರುವುದು ಇಷ್ಟೇ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ನುಗ್ಗಿದ್ದನ್ನು ಹೇಳುವ ಫಲಕವೂ ಹತ್ತಿರದಲ್ಲಿದೆ. ಅದೇ ವರ್ಷ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆ, ಅದರ ಮಗ್ಗುಲಲ್ಲೇ ಚಿಕ್ಕದೇವರಾಜ ಒಡೆಯರ ಕಾಲದ, 1689ರ ಕೋಟೆ ವೆಂಕಟರಮಣ ದೇವಸ್ಥಾನ. ಅಷ್ಟು ಬೆಳಗ್ಗೆ ಅರಮನೆಯ ಬಾಗಿಲು ತೆರೆದಿರುವುದಿಲ್ಲ, ದೇವಸ್ಥಾನ ತೆರೆದಿರುತ್ತದೆ. ಅರಮನೆಯ ತೇಗದ ಕಂಬಗಳನ್ನು ನೋಡಲೇಬೇಕೆಂದಿದ್ದರೆ ಮಧ್ಯಾಹ್ನ ಪ್ರತ್ಯೇಕವಾಗಿ ಬನ್ನಿ.

ಅಲ್ಲಿಂದ ಏರು ಹತ್ತಿ ಬಸವನಗುಡಿಗೆ ಬಂದರೆ ಬೀದಿಗಳ ಅಗಲ ಒಮ್ಮೆಗೇ ಬದಲಾಗುತ್ತದೆ. 1898ರ ಪ್ಲೇಗಿನಿಂದ ಪೇಟೆ ತತ್ತರಿಸಿದ ಮೇಲೆ, ಗಾಳಿ ಬೆಳಕು ಬರುವಂತೆ ನೇರವಾದ ರಸ್ತೆಗಳೊಂದಿಗೆ ಯೋಜಿಸಿದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಕಾರಿನಲ್ಲಿ ಕೂತವರಿಗೆ ಈ ವ್ಯತ್ಯಾಸ ಅರಿವಿಗೆ ಬರುವುದೇ ಇಲ್ಲ. ಸೈಕಲ್ಲಿನಲ್ಲಿ, ಓಣಿಯಲ್ಲಿ ಮೈ ಮುದುಡಿಕೊಂಡು ಬಂದವರಿಗೆ, ಭುಜಗಳು ತಾವಾಗಿಯೇ ಸಡಿಲವಾಗುತ್ತವೆ. ಮಾರ್ಗದರ್ಶಕರು ಹತ್ತು ವಾಕ್ಯಗಳಲ್ಲಿ ಹೇಳುವ ನಗರಯೋಜನೆಯ ಇತಿಹಾಸವನ್ನು ಆ ಏರಿನ ಹದಿನೈದು ನಿಮಿಷಗಳೇ ಹೇಳಿಬಿಡುತ್ತವೆ. ಎಲೆಕ್ಟ್ರಿಕ್ ಸೈಕಲ್ಲಿನ ನಿಜವಾದ ಪ್ರಯೋಜನ ನನಗೆ ಕಾಣುವುದು ಇಲ್ಲಿಯೇ. ದೊಡ್ಡ ಬಸವಣ್ಣನ ದರ್ಶನ, ಗಾಂಧಿ ಬಜಾರಿನಲ್ಲಿ ತಿಂಡಿ, ಕೊನೆಗೆ ಲಾಲ್‌ಬಾಗ್. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ನೀವು ಬರುವ ದಿನಗಳ ಆಸುಪಾಸಿನಲ್ಲಿದ್ದರೆ ಈ ಭಾಗದಲ್ಲಿ ಸೈಕಲ್ ತಳ್ಳಲೂ ಜಾಗವಿರುವುದಿಲ್ಲ, ಪಂಚಾಂಗ ನೋಡಿಕೊಂಡು ದಿನ ನಿಶ್ಚಯಿಸಿ. ಲಾಲ್‌ಬಾಗಿನಲ್ಲಿ ಸೈಕಲ್ಲುಗಳನ್ನು ಗೇಟಿನ ಹೊರಗೇ ಬಿಟ್ಟು, ಸುಮಾರು 300 ಕೋಟಿ ವರ್ಷ ಹಳೆಯದೆನ್ನಲಾದ ಬಂಡೆಯ ತನಕ ನಡೆದು ಹೋಗಬೇಕು.

ಊರಿನ ನಾಲ್ಕು ಕಡೆ ಇರುವ, ಕೆಂಪೇಗೌಡರ ಹೆಸರಿನ ಗೋಪುರಗಳಲ್ಲಿ ಒಂದು ಆ ಬಂಡೆಯ ಮೇಲಿದೆ. ಮಾರ್ಗದರ್ಶಕರನ್ನು ಅಳೆಯಲು ನಾನು ಬಳಸುವ ಅಳತೆಗೋಲು ಅದೇ. ಊರು ಈ ನಾಲ್ಕು ಗೋಪುರಗಳ ಎಲ್ಲೆ ಮೀರಿ ಬೆಳೆದರೆ ಕೇಡು ಎಂಬ ಭವಿಷ್ಯವಾಣಿಯ ಕಥೆಯನ್ನು ಚಾರಿತ್ರಿಕ ಸತ್ಯವೆಂಬಂತೆ ಹೇಳುವವರಿದ್ದಾರೆ. ಇದು ಜನ ಹೇಳಿಕೊಂಡು ಬಂದ ಕಥೆ ಎಂದು ಬಿಡಿಸಿ ಹೇಳುವವರೂ ಇದ್ದಾರೆ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವಲ್ಲಿ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಊರಿನ ಎಲ್ಲೆ ಗುರುತಿಸಿದ ಕಥೆಯೂ ಹಾಗೆಯೇ. ಕಥೆ ಬೇಡವೆಂದಲ್ಲ, ಕಥೆಯಿಲ್ಲದ ಪ್ರವಾಸ ಸಪ್ಪೆ. ಆದರೆ ಯಾವುದು ಕಥೆ, ಯಾವುದು ದಾಖಲೆ ಎಂದು ಬೇರ್ಪಡಿಸಬಲ್ಲವರ ಮಾತಿಗೆ ತೂಕ ಹೆಚ್ಚು. ಸೈಕಲ್ ಓಡುತ್ತಿರುವಾಗ ಯಾರೂ ಏನನ್ನೂ ವಿವರಿಸಲಾಗದು ಎಂಬುದನ್ನೂ ನೆನಪಿಡಿ. ಮೂವತ್ತು ಕಿಲೋಮೀಟರ್, ಇಪ್ಪತ್ತು ಸ್ಥಳಗಳು ಎಂದು ಜಾಹೀರಾತು ಮಾಡುವವರು ನಿಮ್ಮನ್ನು ಓಡಿಸುತ್ತಾರೆಯೇ ಹೊರತು ಏನನ್ನೂ ತೋರಿಸುವುದಿಲ್ಲ. ಏಳೆಂಟು ಕಡೆ ಸಾವಕಾಶವಾಗಿ ನಿಲ್ಲುವ ಪ್ರವಾಸ ಸಾಕು. ವಿವರಣೆ ಇಂಗ್ಲಿಷಿನಲ್ಲಿರುವುದೇ ವಾಡಿಕೆ. ಕಾಯ್ದಿರಿಸುವಾಗಲೇ ಕನ್ನಡ ಬೇಕೆಂದು ಸ್ಪಷ್ಟವಾಗಿ ಹೇಳಿದರೆ ಅನೇಕ ವೇಳೆ ಒದಗಿಸುತ್ತಾರೆ, ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ಸುರಕ್ಷತೆಯ ಮಟ್ಟಿಗೆ ಹೇಳುವುದಾದರೆ ಭಾನುವಾರ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ನಾನು ಹಿರಿಯರನ್ನು ಧೈರ್ಯವಾಗಿ ಕರೆದೊಯ್ಯುತ್ತೇನೆ, ವಾರದ ಬೇರೆ ದಿನ ಬೆಳಗ್ಗೆ ಎಂಟರ ನಂತರ ಕರೆದೊಯ್ಯುವುದಿಲ್ಲ. ಬಸ್ಸು, ಲಾರಿಗಳಿಗಿಂತ ಹೆಚ್ಚಾಗಿ ಎದುರು ದಿಕ್ಕಿನಿಂದ ನುಗ್ಗುವ ದ್ವಿಚಕ್ರ ವಾಹನಗಳು, ಬಣ್ಣ ಬಳಿಯದ ರಸ್ತೆ ಉಬ್ಬುಗಳು, ಚರಂಡಿ ಚಪ್ಪಡಿಗಳ ನಡುವಿನ ಸಂದುಗಳು ಇಲ್ಲಿನ ಅಪಾಯಗಳು. ನಸುಕಿನ ನಾಯಿಗಳು ಬೆನ್ನು ಹತ್ತಿದರೆ ವೇಗ ಹೆಚ್ಚಿಸದೆ ಇಳಿದು ನಿಲ್ಲುವುದೇ ಉಪಾಯ. ಗುಂಪಿನಲ್ಲಿ ಎಂಟಕ್ಕಿಂತ ಹೆಚ್ಚು ಜನ ಇರಬಾರದು, ಮುಂದೆ ಮಾರ್ಗದರ್ಶಕರಿದ್ದಂತೆ ಹಿಂದೆಯೂ ಸಂಸ್ಥೆಯ ಒಬ್ಬರು ಇರಲೇಬೇಕು. ಹೆಲ್ಮೆಟ್ ಕೊಡದವರ ಬಳಿ ಹೋಗಲೇಬೇಡಿ. ಡಿಸೆಂಬರ್‌ನಲ್ಲಿ ಮಳೆಯ ಕಾಟ ಕಡಿಮೆ, ಆದರೆ ಬೆಳಗಿನ ಚಳಿಗೆ ಸ್ವೆಟರ್ ಬೇಕಾಗುತ್ತದೆ.

ತಾಯಿಯವರ ಮಂಡಿನೋವಿಗೆ ಬಂದರೆ, ನಡುವಿನ ಅಡ್ಡಪಟ್ಟಿ ತಗ್ಗಾಗಿರುವ ಸೈಕಲ್ ಇದ್ದು, ವೈದ್ಯರು ಬೇಡವೆನ್ನದಿದ್ದರೆ, ಹೆಚ್ಚಿನ ನೆರವಿನ ಮಟ್ಟದಲ್ಲಿ ಕಬ್ಬನ್ ಉದ್ಯಾನದೊಳಗೆ ಒಂದು ಸುತ್ತು ಹೋಗಿ ನೋಡಲಿ. ಅವರಿಗೆ ಒಗ್ಗಿದರೆ ಮುಂದುವರಿಯಬಹುದು. ಇಲ್ಲದಿದ್ದರೆ ಬಲವಂತ ಮಾಡದೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಮೆಟ್ರೊ ಹತ್ತಿಸಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ನಿಲ್ದಾಣಗಳು ಸಾಲಾಗಿ ಬರುತ್ತವೆ. ಭಾನುವಾರ ಮೆಟ್ರೊ ಸಂಚಾರ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುವುದರಿಂದ ಮೊದಲ ರೈಲಿನ ಸಮಯವನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದರೆ ಗಾಂಧಿ ಬಜಾರ್ ಕೆಲವೇ ನಿಮಿಷಗಳ ದಾರಿ. ಭಾನುವಾರ ಅಲ್ಲಿನ ಹೆಸರುವಾಸಿ ಹೋಟೆಲುಗಳ ಮುಂದೆ ಸರದಿ ಉದ್ದವಾಗಿರುವುದರಿಂದ, ತಾಯಿಯವರು ಮೊದಲೇ ತಲುಪಿ ಹೆಸರು ಬರೆಸಿಟ್ಟರೆ ನೀವೂ ತಂದೆಯವರೂ ಸೈಕಲ್ ನಿಲ್ಲಿಸಿ ಬರುವ ಹೊತ್ತಿಗೆ ಮೇಜು ಸಿಕ್ಕಿರುತ್ತದೆ.