ಶ್ರೀಮಂತ ಗಂಡನ ಹುಡುಕಾಟ: ಚಿತ್ರದ ‘ನೀತಿ’ ಕೇಳುವವರಿಗೆ

ಪ್ರಶ್ನೆ: ಹಳೆಯ ಹಾಲಿವುಡ್‌ನ ಸ್ಕ್ರೂಬಾಲ್ (ಚುರುಕು ಮಾತಿನ, ಎಡವಟ್ಟು ಪ್ರೇಮದ) ಹಾಸ್ಯಚಿತ್ರಗಳಲ್ಲಿ ನಾಯಕಿ ಹಣವಂತ ಗಂಡನನ್ನು ಹುಡುಕಿಕೊಂಡು ಹೊರಡುತ್ತಾಳೆ, ಕೊನೆಗೆ ಬಡವನ ಕೈ ಹಿಡಿಯುತ್ತಾಳೆ. ಹಣಕ್ಕಿಂತ ಪ್ರೀತಿ ದೊಡ್ಡದು ಎಂಬುದೇ ಇವುಗಳ ನೀತಿಯಲ್ಲವೇ? (ಮೈಸೂರಿನ ಓದುಗರು)

ಅಲ್ಲ. ಯಾವ ರಸಗ್ರಹಣ ಶಿಬಿರಕ್ಕೆ ಹೋದರೂ ಒಬ್ಬರಾದರೂ ಎದ್ದು ನಿಂತು ಇದನ್ನೇ ಹೇಳುತ್ತಾರೆ. ಹಾಗೆ ಹೇಳುವವರು ಬಹುಪಾಲು ಚಿತ್ರವನ್ನು ನೋಡಿರುವುದಿಲ್ಲ. ಹತ್ತು ನಿಮಿಷದಲ್ಲಿ ಕಥೆ ಮುಗಿಸಿ ಬಾಲಕ್ಕೊಂದು ನೀತಿ ಕಟ್ಟುವ ವಿಡಿಯೊ ನೋಡಿರುತ್ತಾರೆ. ಆದ್ದರಿಂದ ಈ ಬಾರಿ ಹೆಚ್ಚಿನ ಜಾಗ ಇದಕ್ಕೇ.

‘ದಿ ಪಾಮ್ ಬೀಚ್ ಸ್ಟೋರಿ’ಯನ್ನು ತೆಗೆದುಕೊಳ್ಳಿ. 1942ರ ಚಿತ್ರ, ಬರೆದು ನಿರ್ದೇಶಿಸಿದವರು ಪ್ರೆಸ್ಟನ್ ಸ್ಟರ್ಜಸ್. ಟಾಮ್ ಮತ್ತು ಜೆರಿ ದಂಪತಿಗೆ ಮನೆ ಬಾಡಿಗೆ ಕಟ್ಟಲೂ ಹಣವಿಲ್ಲ. ನಗರದ ಮೇಲೆ ಉಕ್ಕಿನ ತಂತಿಬಲೆ ಹರಡಿ ಅದರ ಮೇಲೆ ವಿಮಾನ ಇಳಿಸಬೇಕೆಂಬುದು ಟಾಮ್‌ನ ಯೋಜನೆ. ಅದಕ್ಕೆ 99,000 ಡಾಲರ್ ಬೇಕು, ಕೊಡುವವರಿಲ್ಲ. ಕ್ಲಾಡೆಟ್ ಕೋಲ್ಬೇರ್ ಅಭಿನಯಿಸಿದ ಜೆರಿಗೆ ಗಂಡನ ಮೇಲೆ ಪ್ರೀತಿ ಇದೆ, ಜೊತೆಗೆ ಲೆಕ್ಕವೂ ಬರುತ್ತದೆ: ತಾನು ವಿಚ್ಛೇದನ ಪಡೆದು ಸಿರಿವಂತನನ್ನು ಮದುವೆಯಾದರೆ ಇವನ ಯೋಜನೆಗೂ ಒಂದು ದಾರಿಯಾಗುತ್ತದೆ. ಕೈಯಲ್ಲಿ ಕಾಸಿಲ್ಲದೆ ಫ್ಲೋರಿಡಾದ ರೈಲು ಹತ್ತುತ್ತಾಳೆ.

ಮೇಲಿನ ಬರ್ತ್‌ಗೆ ಹತ್ತುವಾಗ ಕೆಳಗಿದ್ದವನ ಮುಖದ ಮೇಲೆ ಕಾಲಿಟ್ಟು ಕನ್ನಡಕ ಒಡೆಯುತ್ತಾಳೆ. ಅವನೇ ಜಾನ್ ಡಿ. ಹ್ಯಾಕನ್‌ಸ್ಯಾಕರ್, ಮಹಾ ಶ್ರೀಮಂತ. ಅವಳಿಗೆ ಬಟ್ಟೆಬರೆ ಕೊಡಿಸುತ್ತ ಒಂದೊಂದರ ಬೆಲೆಯನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಆದರೆ ಎಂದೂ ಕೂಡಿಸಿ ನೋಡುವುದಿಲ್ಲ. ಆ ಪುಸ್ತಕದ ಮೇಲೆ ಕಣ್ಣಿಡಿ. ಬಾಡಿಗೆ ಕಟ್ಟಲಾಗದವಳು ತಲೆಯಲ್ಲಿ ಸದಾ ಕೂಡಿಸುತ್ತಲೇ ಇರುತ್ತಾಳೆ. ಇವನಿಗೆ ಕೂಡಿಸುವ ಅಗತ್ಯ ಜೀವನದಲ್ಲೇ ಬಿದ್ದಿಲ್ಲ. ಈ ಅಂತರವನ್ನು ಸ್ಟರ್ಜಸ್ ಕಂಡು ಬಲ್ಲವರು. 1930ರಲ್ಲಿ ಅವರು ಮದುವೆಯಾದದ್ದು ಅಮೆರಿಕದ ಅತಿ ಶ್ರೀಮಂತ ಮನೆತನದ ಮಗಳನ್ನು. ಆಕೆಯ ತಾಯಿ ಮಾರ್ಜರಿ ಪೋಸ್ಟ್ ಅವರ ಮಹಲು ಇದ್ದದ್ದು ಪಾಮ್ ಬೀಚ್‌ನಲ್ಲೇ.

ಇನ್ನು ಚಿತ್ರದ ಕೊನೆ. ಜೆರಿ ಗಂಡನ ತೋಳಿಗೇ ಮರಳುತ್ತಾಳೆ, ನಿಜ. ಹ್ಯಾಕನ್‌ಸ್ಯಾಕರ್ ವಾದ್ಯವೃಂದ ಕರೆಸಿ ಅವಳ ಕಿಟಕಿಯ ಕೆಳಗೆ ಪ್ರೇಮಗೀತೆ ಹಾಡುತ್ತಿರುತ್ತಾನೆ. ಒಳಗೆ ಅವಳಿಗೆ ಉಡುಪಿನ ಬೆನ್ನಿನ ಕಟ್ಟು ಬಿಚ್ಚಲಾಗುವುದಿಲ್ಲ; ಅಣ್ಣನೆಂದು ಹೇಳಿಕೊಂಡು ಅದೇ ಮನೆಯಲ್ಲಿ ತಂಗಿರುವ ಗಂಡನ ನೆರವನ್ನೇ ಕೇಳಬೇಕಾಗುತ್ತದೆ. ಒಬ್ಬನ ಹಾಡು ಇನ್ನೊಬ್ಬನ ಸಂಸಾರವನ್ನು ಉಳಿಸುತ್ತದೆ. ಆದರೆ ಸತ್ಯ ಹೊರಬಿದ್ದ ಮೇಲೂ ಹ್ಯಾಕನ್‌ಸ್ಯಾಕರ್ ವಿಮಾನ ನಿಲ್ದಾಣಕ್ಕೆ ಹಣ ಹೂಡಲು ಹಿಂಜರಿಯುವುದಿಲ್ಲ. ಆರಂಭದಲ್ಲಿ ಬೇಕಾಗಿದ್ದ ಹಣ ಕೊನೆಯಲ್ಲಿ ಸಿಕ್ಕಿದೆ, ಗಂಡನೂ ಸಿಕ್ಕಿದ್ದಾನೆ. ಹಣ ಸೋತದ್ದು ಎಲ್ಲಿ, ಹೇಳಿ?

1953ರ ‘ಹೌ ಟು ಮ್ಯಾರಿ ಎ ಮಿಲಿಯನೇರ್’ನಲ್ಲೂ ಹೀಗೆಯೇ. ಲಾರೆನ್ ಬಕಾಲ್ ಅಭಿನಯಿಸಿದ ರೂಪದರ್ಶಿ, ಟೈ ಕಟ್ಟದ ಬಡಪಾಯಿ ಎಂದು ದೂರ ತಳ್ಳುತ್ತಿದ್ದವನನ್ನೇ ಮದುವೆಯಾಗುತ್ತಾಳೆ; ಅವನು ಕೋಟ್ಯಧಿಪತಿಯೆಂಬುದು ಬಳಿಕವಷ್ಟೇ ಅವಳಿಗೆ ತಿಳಿಯುತ್ತದೆ. ನಿಜವಾಗಿ ಬಡವನ ಜೊತೆ ಹೊರಟುಹೋಗುವವಳೂ ಇದ್ದಾಳೆ: 1939ರ ‘ಮಿಡ್‌ನೈಟ್’ನ ಈವ್. ಮಳೆಯ ರಾತ್ರಿ ಜರಿಯ ಉಡುಪಿನಲ್ಲಿ ಪ್ಯಾರಿಸ್‌ನಲ್ಲಿ ಇಳಿದು, ಗಿರವಿ ಅಂಗಡಿಯ ಚೀಟಿಯನ್ನೇ ಆಹ್ವಾನಪತ್ರವೆಂಬಂತೆ ಕೊಟ್ಟು ಸಿರಿವಂತರ ಸಂಗೀತ ಕೂಟಕ್ಕೆ ನುಗ್ಗಿದವಳು ಕೊನೆಗೆ ಟ್ಯಾಕ್ಸಿ ಚಾಲಕನನ್ನು ಒಪ್ಪುತ್ತಾಳೆ. ಅಂಥ ಕೆಲವು ಕಥೆಗಳನ್ನು ಹಿಡಿದು ಇಡೀ ಪ್ರಕಾರಕ್ಕೆ ನೀತಿ ಬರೆಯಬೇಡಿ.

ಪ್ರೀತಿ ಗೆದ್ದಂತೆ ಕಾಣಲೇಬೇಕೆಂಬ ಒತ್ತಡ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಅದು ಬಂದದ್ದು ಸೆನ್ಸಾರ್‌ನಿಂದ. 1932ರ ‘ರೆಡ್-ಹೆಡೆಡ್ ವುಮನ್’ನಲ್ಲಿ ಜೀನ್ ಹಾರ್ಲೊ ಅವರ ಪಾತ್ರ ಮಾಲೀಕನ ಸಂಸಾರ ಒಡೆದು, ಕೊನೆಗೆ ಪ್ಯಾರಿಸ್‌ನಲ್ಲಿ ಮುದಿ ಸಿರಿವಂತನೊಬ್ಬನ ಜೊತೆ ಸುಖವಾಗಿರುತ್ತದೆ, ಆ ಸಿರಿವಂತನ ಕಾರಿನ ಚಾಲಕನೇ ಪ್ರಿಯಕರ. ಶಿಕ್ಷೆಯಿಲ್ಲ, ಪಶ್ಚಾತ್ತಾಪವಿಲ್ಲ. 1934ರ ಜುಲೈನಿಂದ ನಿರ್ಮಾಣ ಸಂಹಿತೆ, ಅಂದರೆ ತೆರೆಯ ಮೇಲೆ ಏನು ತೋರಿಸಬಾರದೆಂಬ ಹಾಲಿವುಡ್‌ನ ನಿಯಮಾವಳಿ, ಬಿಗಿಯಾಗಿ ಜಾರಿಗೆ ಬಂತು. ಅದನ್ನು ಜಾರಿಗೊಳಿಸುತ್ತಿದ್ದ ಜೋಸೆಫ್ ಬ್ರೀನ್ ಅವರ ಕಚೇರಿ ಚಿತ್ರಕಥೆಗಳನ್ನು ಮೊದಲೇ ಓದಿ ತಿದ್ದಿಸತೊಡಗಿತು. ಅದರ ಮುದ್ರೆಯಿಲ್ಲದ ಚಿತ್ರಕ್ಕೆ ದೊಡ್ಡ ಚಿತ್ರಮಂದಿರಗಳ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ಕೊನೆಯ ದೃಶ್ಯದಲ್ಲಿ ಮದುವೆಯ ಗೌರವ ಉಳಿಯಲೇಬೇಕಿತ್ತು. ಜಾಣ ಬರಹಗಾರರು ಅದನ್ನು ಉಳಿಸಿಕೊಟ್ಟು, ಹಣವನ್ನು ಹಿಂಬಾಗಿಲಿನಿಂದ ತಂದರು. ನಿಮ್ಮ ‘ನೀತಿ’ ಆ ಕಚೇರಿಯ ಷರತ್ತು, ಚಿತ್ರದ ಮಾತಲ್ಲ.

ಇದೇ ಚಿತ್ರಗಳನ್ನು ತೋರಿಸಿ ‘ಸಿರಿವಂತ ವರನನ್ನು ಒಲಿಸಿಕೊಳ್ಳುವುದು ಹೇಗೆ’ ಎಂದು ಹುಡುಗಿಯರಿಗೆ ಹಣ ಪಡೆದು ಪಾಠ ಹೇಳುವವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಈ ನಾಯಕಿಯರು ಹಾಕಿದ ಯೋಜನೆ ಅಂದುಕೊಂಡಂತೆ ನಡೆದ ಉದಾಹರಣೆಯನ್ನು ಅವರು ತೋರಿಸಲಿ, ನೋಡೋಣ.

ಪ್ರಶ್ನೆ: ಇವರೆಲ್ಲ ದುಡಿದು ತಿನ್ನಬಾರದಿತ್ತೇ? (ಹುಬ್ಬಳ್ಳಿಯ ಓದುಗರು)

ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅನೇಕರು ದುಡಿಯುತ್ತಲೇ ಇದ್ದರು: 1935ರ ‘ಹ್ಯಾಂಡ್ಸ್ ಅಕ್ರಾಸ್ ದಿ ಟೇಬಲ್’ನಲ್ಲಿ ಕ್ಯಾರೊಲ್ ಲೊಂಬಾರ್ಡ್ ಅವರ ಪಾತ್ರ ಹೋಟೆಲಿನಲ್ಲಿ ಗಿರಾಕಿಗಳ ಉಗುರು ತಿದ್ದಿ ಬದುಕುತ್ತದೆ. 1933ರ ಸುಮಾರಿಗೆ ಅಮೆರಿಕದಲ್ಲಿ ನಾಲ್ವರು ದುಡಿಮೆಗಾರರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. 1932ರ ಮಿತವ್ಯಯ ಕಾಯ್ದೆಯ 213ನೇ ಸೆಕ್ಷನ್ ಪ್ರಕಾರ, ಗಂಡ ಹೆಂಡತಿ ಇಬ್ಬರೂ ಒಕ್ಕೂಟ ಸರ್ಕಾರದ ನೌಕರಿಯಲ್ಲಿದ್ದರೆ ಸಿಬ್ಬಂದಿ ಕಡಿತದಲ್ಲಿ ಮೊದಲು ಅಂಥವರಲ್ಲೊಬ್ಬರನ್ನು ತೆಗೆಯಬೇಕಿತ್ತು. ಮನೆಗೆ ಹೋದವರು ಹೆಚ್ಚಾಗಿ ಹೆಂಡತಿಯರೇ. 1937ರಲ್ಲಿ ಅದು ರದ್ದಾಗುವವರೆಗೆ ಇದೇ ಸ್ಥಿತಿ. ಕಾನೂನೇ ಹೆಂಗಸನ್ನು ಗಂಡನ ಸಂಬಳಕ್ಕೆ ಕಟ್ಟಿಹಾಕಿದಾಗ, ಆ ಸಂಬಳ ಎಷ್ಟೆಂದು ಅವಳು ಕೇಳುವುದು ದುರಾಸೆಯಲ್ಲ.

ಪ್ರಶ್ನೆ: ‘ಪಾಮ್ ಬೀಚ್’ ಕೊನೆಯಲ್ಲಿ ಟಾಮ್‌ಗೆ ಅವಳಿ ಸೋದರ, ಜೆರಿಗೆ ಅವಳಿ ಸೋದರಿ ಇದ್ದಕ್ಕಿದ್ದಂತೆ ಬರುವುದು ಮೋಸವಲ್ಲವೇ?

ಶೀರ್ಷಿಕೆಗಳ ಜೊತೆ ಓಡುವ ಮೊದಲ ದೃಶ್ಯವನ್ನು ಬಿಟ್ಟು ನೋಡಿದ್ದೀರಿ. ಅವಳಿಗಳ ಸುಳಿವು ಅಲ್ಲೇ ಇದೆ: ಒಬ್ಬ ಕೋಲ್ಬೇರ್ ಬಾಯಿ ಕಟ್ಟಿಸಿಕೊಂಡು ಬಿದ್ದಿದ್ದಾರೆ, ಇನ್ನೊಬ್ಬ ಕೋಲ್ಬೇರ್ ಮದುವೆಗೆ ಓಡುತ್ತಿದ್ದಾರೆ. ಮತ್ತೆ ನೋಡಿ.

ಪ್ರಶ್ನೆ: ಮೊದಲ ಸಿನಿಮಾಸ್ಕೋಪ್ ಚಿತ್ರ ‘ಮಿಲಿಯನೇರ್’ ತಾನೇ?

ಬಿಡುಗಡೆಯಲ್ಲಿ ‘ದಿ ರೋಬ್’ ಮೊದಲು.

ಪ್ರಶ್ನೆ: ‘ಇಟ್ ಹ್ಯಾಪನ್ಡ್ ಒನ್ ನೈಟ್’ ಕೂಡ ಇದೇ ಸಾಲಿಗೆ ಸೇರುತ್ತದೆಯೇ?

ಇಲ್ಲ. ಅಲ್ಲಿ ಹುಡುಗಿಯೇ ಸಿರಿವಂತೆ.

ಪ್ರಶ್ನೆ: ಡಬ್ ಮಾಡಿದ ಪ್ರತಿ ನೋಡಬಹುದೇ?

ಬೇಡ. ಈ ಚಿತ್ರಗಳ ಜೀವ ಮಾತಿನ ವೇಗದಲ್ಲಿದೆ: ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಉತ್ತರ ಬಿದ್ದಿರುತ್ತದೆ. ಅಡಿಬರಹ ಹಾಕಿಕೊಂಡು ಮೂಲ ಧ್ವನಿಯಲ್ಲೇ ನೋಡಿ. ತಪ್ಪಿಹೋದ ಮಾತಿಗೆ ಹಿಂದೆ ಹೋಗಿ ಮತ್ತೊಮ್ಮೆ ಕೇಳಿ.