ಲೇಥ್‌ನಿಂದ ಪ್ಯಾಕಿಂಗ್‌ಗೆ ಇಳಿಸಿದರೆಂದು ತರಬೇತಿ ಬಿಡುವ ಮೊದಲು

ಎಂಟು ತಿಂಗಳು ಲೇಥ್ (ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಮೇಲೆ ಕೆಲಸ ಕಲಿತ ನಿಮ್ಮನ್ನು, ಬೇರೆ ಪಾಳಿಯಲ್ಲಿ ಕೆಟ್ಟ ಜಾಬಿನ (ತಯಾರಿಸುತ್ತಿದ್ದ ಬಿಡಿಭಾಗದ) ತಪ್ಪು ಹೊರಿಸಿ ಪ್ಯಾಕಿಂಗ್‌ಗೆ ಹಾಕಿದ್ದಾರೆ, ಇನ್ನು ನಾಲ್ಕು ತಿಂಗಳಿರುವಾಗಲೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಡಬೇಡಿ. ನೀವು ಸಹಿ ಹಾಕಿರುವುದು ಟರ್ನರ್ (ಲೇಥ್ ಕೆಲಸಗಾರ) ತರಬೇತಿಯ ಒಪ್ಪಂದಕ್ಕೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಆ ವೃತ್ತಿಯನ್ನೇ ಕಲಿಸುವುದು ಮಾಲೀಕರ ಹೊಣೆ. ಒಪ್ಪಂದದ ಕುರಿತ ತಕರಾರನ್ನು 20ನೇ ಸೆಕ್ಷನ್ನಿನ ಅಡಿಯಲ್ಲಿ ಅಪ್ರೆಂಟಿಸ್‌ಶಿಪ್ ಸಲಹೆಗಾರರು (ಸರ್ಕಾರ ನೇಮಿಸಿದ ಅಧಿಕಾರಿ) ತೀರ್ಮಾನಿಸುತ್ತಾರೆ, ಅದು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನೀವಾಗಿಯೇ ಅರ್ಧಕ್ಕೆ ಬಿಟ್ಟರೆ ಪ್ರಮಾಣಪತ್ರ ಕೈತಪ್ಪುತ್ತದೆ, ತರಬೇತಿಯ ವೆಚ್ಚವನ್ನು ನಿಮ್ಮಿಂದಲೇ ಕೇಳುವುದಕ್ಕೂ ದಾರಿಯಾಗುತ್ತದೆ.

ನನ್ನ ಮೇಲೂ ಒಮ್ಮೆ ಇಂಥದೇ ಆರೋಪ ಬಂದಿತ್ತು. 25 ಮಿಲಿಮೀಟರ್ ಇರಬೇಕಾದ ಬೋರ್ (ಕೊರೆದ ರಂಧ್ರ) 25.08 ಆಗಿತ್ತು, ಆದರೆ ತಪಾಸಣೆಯ ಚೀಟಿಯಲ್ಲಿ 1.40 ಎಂದು ಸಮಯ ಬರೆದಿತ್ತು, ನನ್ನ ಪಾಳಿ ಶುರುವಾಗುತ್ತಿದ್ದುದು 2 ಗಂಟೆಗೆ. ಆ ಅವಮಾನದಲ್ಲಿ ರಾತ್ರಿ ನಿದ್ದೆ ಹತ್ತುವುದಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ನನ್ನನ್ನು ಮತ್ತೆ ಮಷೀನಿನ ಬಳಿ ನಿಲ್ಲಿಸಿದ್ದು ಆ ಚೀಟಿಯೇ.

ಆದ್ದರಿಂದ ನಿಮ್ಮ ಜಾಬಿನ ಚೀಟಿ ಮತ್ತು ಆ ದಿನದ ಹಾಜರಾತಿಯ ಪ್ರತಿ ಸಿಗುತ್ತದೆಯೇ ನೋಡಿ, ತರಬೇತಿ ಉಸ್ತುವಾರಿಗೆ ಲಿಖಿತ ಮನವಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಅದೇ ಪ್ರತಿಯೊಡನೆ ಸಲಹೆಗಾರರ ಕಚೇರಿಗೆ ಹೋಗಿ.