ಬಳ್ಳಿ ಆಮೇಲೆ, ಮೊದಲು ಗುಂಡಿ

ರಾಯಚೂರಲ್ಲಿ ಹೊಸ ಮನೆ, ಪಡುವಣ ಗೋಡೆಯನ್ನು ಒಂದೇ ವರ್ಷದಲ್ಲಿ ಮುಚ್ಚುವ ಬಳ್ಳಿ ಯಾವುದು ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ಇದೇ ಊರಲ್ಲಿ ಇದೇ ಪ್ರಶ್ನೆ ಹಿಡಿದು ನಾನೂ ನರ್ಸರಿ ಸುತ್ತಿದ್ದೆ.

ಗೃಹಪ್ರವೇಶವಾದ ತಿಂಗಳಿಗೇ ಗೋಡೆ ಬುಡದಲ್ಲಿ ಅರ್ಧ ಅಡಿ ಗುಂಡಿ ತೆಗೆದು ಮೂರು ಜಾಜಿ ಸಸಿ ಹಚ್ಚಿದೆ. ಅವ್ವನಿಗೆ ಜಾಜಿ ಅಂದರೆ ಜೀವ. ಮಳೆಗಾಲದಲ್ಲಿ ಚೆನ್ನಾಗಿ ಚಿಗುರಿತು. ದೀಪಾವಳಿ ಹೊತ್ತಿಗೆ ಎಳೆ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ನೀರು ಸಾಲದು ಅಂತ ಎರಡು ಹೊತ್ತು ನೀರು ಬಿಟ್ಟೆ, ಗೊಬ್ಬರ ಸಾಲದು ಅಂತ ಯೂರಿಯಾ ಹಾಕಿದೆ. ಏಪ್ರಿಲ್‌ಗೆ ಮೂರೂ ಒಣಗಿದವು. ಕಿತ್ತರೆ ಬೇರು ಗುಂಡಿ ದಾಟಿಯೇ ಇರಲಿಲ್ಲ, ಸಿಂಬಿಯ ಹಾಗೆ ಸುತ್ತಿಕೊಂಡಿತ್ತು. ಕೆಳಗೆ ಅಗೆದರೆ ಇಟ್ಟಿಗೆ ಚೂರು, ಟೈಲ್ಸ್ ತುಂಡು, ಕಲ್ಲಾದ ಸಿಮೆಂಟ್ ಉಂಡೆ. ಮನೆ ಕಟ್ಟಿದವರು ಉಳಿದದ್ದೆಲ್ಲ ಅಲ್ಲೇ ಸುರಿದು ಮೇಲೊಂದು ಪದರ ಮಣ್ಣು ಎಳೆದಿದ್ದರು. "ಗಚ್ಚಿನಾಗ ಗಿಡ ಹಚ್ಚಿದ್ರ ಹ್ಯಾಂಗ ಬದುಕತೈತಪ್ಪ" ಅಂದಳು ಅವ್ವ. ಸಿಮೆಂಟು, ಸುಣ್ಣ ಸೇರಿದ ಮಣ್ಣು ಕ್ಷಾರವಾಗುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನಮ್ಮ ಎರೆಮಣ್ಣು ಮೊದಲೇ ಕ್ಷಾರದ ಕಡೆಗೆ ವಾಲಿದ್ದು. ಹಳದಿ ಎಲೆ ಹೇಳುತ್ತಿದ್ದದ್ದು ಇದನ್ನೇ, ನನಗೆ ಓದಲು ಬರಲಿಲ್ಲ. ಎಲೆಗೆ ಅನ್ನಭೇದಿ (ಕಬ್ಬಿಣದ ಲವಣ) ಸಿಂಪಡಿಸಿದರೆ ಸ್ವಲ್ಪ ದಿನ ಹಸಿರಾಗುತ್ತದೆ, ಆದರೆ ಗುಂಡಿ ಅದೇ ಇದ್ದರೆ ಮತ್ತೆ ಅದೇ ಕಥೆ.

ಹಾಗಾಗಿ ಯಾವ ಬಳ್ಳಿ ಅನ್ನುವುದನ್ನು ಸದ್ಯ ಬಿಡಿ. ಗೋಡೆಯಿಂದ ಎರಡಡಿ ದೂರದಲ್ಲಿ ಎರಡಡಿ ಉದ್ದ, ಅಗಲ, ಆಳ ಅಗೆದು ಚೂರೆಲ್ಲ ಆಯ್ದು ಹಾಕಿ. ಹೊಲದ ಮಣ್ಣು, ಮರಳು, ಹಳೇ ತಿಪ್ಪೆಗೊಬ್ಬರ ತುಂಬಿ. ಗೋಡೆಗೇ ಹಬ್ಬಿಸುವ ಆಸೆಯೂ ಬೇಡ. ಮೇ ತಿಂಗಳ ಸಂಜೆ ಐದಕ್ಕೆ ಆ ಗೋಡೆಗೆ ಅಂಗೈ ಇಟ್ಟು ನೋಡಿ, ನಿಮಗೇ ತಿಳಿಯುತ್ತದೆ. ನಡುವೆ ಒಂದಡಿ ಗಾಳಿ ಆಡುವಂತೆ ಪೈಪು ನಿಲ್ಲಿಸಿ ತಂತಿ ಎಳೆಯಿರಿ.

ಆಮೇಲೆ ನಾನು ಮಧುಮಾಲತಿ ಹಚ್ಚಿದೆ. ಎರಡನೇ ಬೇಸಿಗೆಗೆ ಕಿಟಕಿ ದಾಟಿತು. ಸಂಜೆ ಬಿಳಿಯಾಗಿ ಅರಳಿದ ಹೂ ಗುಲಾಬಿಗೆ ತಿರುಗಿ ಕೊನೆಗೆ ಕೆಂಪಾಗುತ್ತದೆ. ಒಂದೇ ಗೊಂಚಲಲ್ಲಿ ಮೂರೂ ಬಣ್ಣ. ಕಾಗದದ ಹೂವಿನ ಬಳ್ಳಿ ಬಿಸಿಲಿಗೆ ಇನ್ನೂ ಗಟ್ಟಿ, ಆದರೆ ಮುಳ್ಳು. ಮಕ್ಕಳು ಓಡಾಡುವ ಕಡೆ ನಾನಂತೂ ಹಚ್ಚುವುದಿಲ್ಲ. ಮೊದಲ ವರ್ಷವೇ ಹಸಿರು ಕಾಣಬೇಕು ಅಂದರೆ ಅದೇ ತಂತಿಗೆ ತುಪ್ಪದ ಹೀರೆ ಹಬ್ಬಿಸಿ, ಪಲ್ಯಕ್ಕೂ ಆಗುತ್ತದೆ. ಸಸಿ ತರುವುದು ಮುಂಗಾರು ಬಿದ್ದ ಮೇಲೆ. ಗುಂಡಿ ಮಾತ್ರ ಈ ಭಾನುವಾರವೇ ತೆಗೆಸಿ.